ಸಹಿಯ ಮೇಲಿನ ಮೂರು ಸಾಲು

ಕೊಂಢವಾ, ಪುಣೆ
12 ಜೂನ್ 2023

ಫಕೀರಪ್ಪ ಕಾಕಾ ಅವರಿಗೆ ರಂಜನಾಳ ನಮಸ್ಕಾರ.

ನಾನು ಗೌಂಡಿ ಅವ್ವಣ್ಣನ ಮಗಳು. ನೀವು ಪುಣೆ ಬಿಟ್ಟು ಶಹಾಪುರಕ್ಕೆ ಹೋದಾಗ ನನಗೆ ಇಪ್ಪತ್ತೆರಡು, ಈಗ ನಲವತ್ತೇಳು. ಇಲ್ಲಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ನಿಮಗೆ ಈಗ ಕಿವಿ ಕೇಳುವುದಿಲ್ಲ, ಬರೆದರೆ ಓದುತ್ತೀರಿ ಎಂದು ನಿಮ್ಮ ಅಳಿಯ ದೇವಾನಂದ ಅವರು ಫೋನಿನಲ್ಲಿ ಹೇಳಿದ್ದರಿಂದ ಈ ರಿಜಿಸ್ಟರ್ ಪತ್ರ.

ಕೊಂಢವಾದ ನಮ್ಮ ಎರಡು ಕೋಣೆಯ ಮನೆ ನಿಮಗೆ ನೆನಪಿರಬೇಕು. ನೀವೂ ಅಪ್ಪನೂ ಭಾನುವಾರಗಳಂದು ಕಟ್ಟಿದ್ದು. 1996ರಲ್ಲಿ ಅಪ್ಪ ಅದನ್ನು ರೇತಿ ವ್ಯಾಪಾರಿ ಪ್ರಲ್ಹಾದ ಶೇಟರಿಗೆ ಬರೆದುಕೊಟ್ಟ. ಮೂರು ವರ್ಷದ ಮೇಲೆ ನಾವು ಮನೆ ಬಿಟ್ಟೆವು. ಅಪ್ಪ 2004ರಲ್ಲಿ ತೀರಿಕೊಂಡ. ನಾನೂ ಅವ್ವನೂ ಇಂದಿಗೂ ಅದೇ ಗಲ್ಲಿಯ ಬಾಡಿಗೆ ಕೋಣೆಯಲ್ಲಿದ್ದೇವೆ. ಬಾಗಿಲಲ್ಲಿ ನಿಂತರೆ ಆ ಮನೆಯ ಕಟ್ಟೆ ಕಾಣುತ್ತದೆ. ಅವ್ವ ದಿನಾ ಬಾಗಿಲಲ್ಲಿ ನಿಲ್ಲುತ್ತಾಳೆ.

ಶೇಟರು ಈಗಿಲ್ಲ. ಅವರ ಮಗ ನಿತಿನ ಆ ಮನೆಯನ್ನು ಕೆಡವಲು ಬಿಲ್ಡರ್ ಒಬ್ಬನಿಗೆ ಕೊಡಲು ಹೊರಟಿದ್ದಾನೆ. ಸುದ್ದಿ ಕೇಳಿ ಅವ್ವ ಒಂದೇ ಮಾತು ಹಿಡಿದಳು: "ಅದು ಮಾರಿದ್ದಲ್ಲ, ಒತ್ತಿ ಇಟ್ಟದ್ದು. ನಿಮ್ಮಪ್ಪ ನನಗ ಸುಳ್ಳು ಹೇಳಂಗಿಲ್ಲ." ಆ ಒಂದು ಮಾತಿನ ಬಲದ ಮೇಲೆ ಹೋದ ವರ್ಷ ಕೋರ್ಟಿಗೆ ಹೋದೆ. ಇದು ಒತ್ತೆ, ಹಣ ತೆಗೆದುಕೊಂಡು ಮನೆ ಮರಳಿಸಬೇಕು ಎಂಬುದು ನಮ್ಮ ದಾವೆ. ತೀರ್ಪಿನ ತನಕ ಕೆಡವಬಾರದೆಂದು ತಡೆಯೂ ಸಿಕ್ಕಿದೆ. ಆದರೆ ಆ ಮರಾಠಿ ಪತ್ರದಲ್ಲಿ ಮನೆ ಮಾರಿದ್ದೇನೆ ಎಂದೇ ಇದೆ. ಅದಕ್ಕೆ ಇಬ್ಬರು ಸಾಕ್ಷಿ. ಒಬ್ಬರು ಇಲ್ಲ, ಇನ್ನೊಬ್ಬರು ನೀವು. ಅಂದು ಆಗಿದ್ದ ಮಾತು ಏನೆಂದು ಬಂದು ಹೇಳುವಿರಾ?

ಆ ಹಣ ಎಲ್ಲಿಗೆ ಹೋಯಿತೆಂದು ಅಪ್ಪ ಹೇಳಲಿಲ್ಲ, ಅವ್ವ ಹೇಳುವುದಿಲ್ಲ. ಮಟ್ಕಾದಲ್ಲಿ ಹೋಗಿರಬೇಕೆಂದು ನಾನು ತಿಳಿದಿದ್ದೇನೆ. ನಿಮಗೆ ಗೊತ್ತಿದ್ದರೂ ಅದನ್ನು ಬರೆಯಬೇಡಿ.

ರಂಜನಾ


ಕೊಂಢವಾ
27 ಆಗಸ್ಟ್ 2023

ಫಕೀರಪ್ಪನವರಿಗೆ,

ಎರಡೂವರೆ ತಿಂಗಳಾಯಿತು. ನಿಮ್ಮಿಂದ ಬಂದದ್ದು ಅಂಚೆಯ ಸ್ವೀಕೃತಿ ಕಾರ್ಡು ಮಾತ್ರ. ಅದರಲ್ಲಿ ಸಹಿಯ ಮೇಲೆ ನೀವು ಹೀಗೆ ಬರೆದಿದ್ದೀರಿ: "ಒಂದು ಪಾಕೀಟು ಮುಟ್ಯಾದ. ಒಳಗ ಏನದ ಗೊತ್ತಿಲ್ಲ."

ಸಹಾಯ ಕೇಳಿದವಳಿಗೆ ಹೀಗೆ ಚೇಷ್ಟೆ ಮಾಡುವುದು ಹಿರಿಯರಿಗೆ ಒಪ್ಪುವ ಮಾತೇ? ಅವ್ವನಿಗೆ ಓದಿ ಹೇಳಿದೆ. ಅವಳು ನಕ್ಕಳು. ಯಾಕೆಂದು ಕೇಳಿದರೆ ರೊಟ್ಟಿ ಬಡಿಯುತ್ತ ಕೂತಳು.

ಮೊನ್ನೆ ಕಿರಾಣಿ ಅಂಗಡಿಯಲ್ಲಿ ನಿತಿನ ಸಿಕ್ಕಿದ್ದ. "ಮೇಡಂ, ಫಕೀರಪ್ಪ ನಮ್ಮ ಹಳೆಯ ಮನುಷ್ಯ. ನಮ್ಮ ಬಂಗಲೆ ಕಟ್ಟಿದವನು. ಅವನು ನಿಮ್ಮ ಕಡೆ ಯಾಕೆ ಬರುತ್ತಾನೆ?" ಎಂದ. ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಬರುವುದಿಲ್ಲವೆಂದರೆ ಬರುವುದಿಲ್ಲ ಎಂದಾದರೂ ಬರೆಯಿರಿ. ನನ್ನ ವಕೀಲೆ ಹರ್ಷದಾ ಅವರಿಗೆ ಹೇಳುತ್ತೇನೆ, ಆ ಬಾಗಿಲು ಮುಚ್ಚಿತೆಂದು.

ರಂಜನಾ


ಶಹಾಪುರ
5 ನವೆಂಬರ್ 2023

ರಂಜನಾ ತಂಗಿ,

ನೀ ಬರದ ಎರಡೂ ಪತ್ರ ಮುಟ್ಟ್ಯಾವ. ಎರಡನೇದು ಓದಿ ನಾಲ್ಕ ದಿನ ಊಟ ಸೇರಲಿಲ್ಲ. ಸಿಟ್ಟಲ್ಲ, ನಾಚಿಕಿ.

ಮೊದಲು ಕಾರ್ಡಿನ ಮಾತು. ಅದು ಚಾಷ್ಟಿ ಅಲ್ಲ ತಂಗಿ, ನಮ್ಮ ಗೌಂಡಿ ಮಂದಿ ಪದ್ಧತಿ. ಪುಣೇಕ್ಕ ಬಂದ ಹೊಸತರಾಗ ಒಬ್ಬ ಠೇಕೇದಾರ ಒಂದ ಮರಾಠಿ ಕಾಗದದ ಮ್ಯಾಲ ನಮ್ಮ ಹದಿನೆಂಟ ಮಂದಿ ಸಹಿ ಹಾಕ್ಸಿಕೊಂಡ. ಪಗಾರ ಎಲ್ಲಾ ಮುಟ್ಟ್ಯಾದ ಅಂತ ಅದರಾಗ ಬರದಿತ್ತು. ನಮಗ ಒಂದ ಪೈಸಾ ಮುಟ್ಟಿರಲಿಲ್ಲ. ಅವತ್ತ ನಿಮ್ಮಪ್ಪ ಅಂದ, "ಇನ್ನ ಮುಂದ ಯಾವ ಕಾಗದಕ್ಕ ಸಹಿ ಹಾಕಿದ್ರೂ ಸಹಿ ಮ್ಯಾಲ ಕನ್ನಡದಾಗ ನಮಗೇನ ತಿಳದದ ಅದನ್ನ ಬರೀಬೇಕು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತ ಬರೀಬೇಕು." ಅವತ್ತಿನಿಂದ ನಾ ರೇಶನ್ ಕಾರ್ಡಿಗೂ ಹಂಗ, ಬ್ಯಾಂಕಿನ ಫಾರ್ಮಿಗೂ ಹಂಗ. ಬ್ಯಾಂಕಿನವರು ಬೈತಾರ, ಬೈಲಿ. ನಿನ್ನ ಪಾಕೀಟು ಒಡೀಕಿಂತ ಮೊದಲ ಪೋಸ್ಟಮನ್ ಸಹಿ ಕೇಳ್ದ. ಒಳಗ ಏನದ ನನಗ ಹ್ಯಾಂಗ ಗೊತ್ತಿರ್ತದ?

ಇನ್ನ ದೊಡ್ಡ ಮಾತು. ನೀ ಬರೀಬ್ಯಾಡ ಅಂದೀದಿ. ಬರೀತೀನಿ. ನಿಮ್ಮಪ್ಪ ಮಟ್ಕಾ ಆಡಿಲ್ಲ.

ತೊಂಬತ್ತಾರನೇ ಇಸವಿಯಾಗ ನಾ ಮೂರನೇ ಮಜಲಿಗೆ ಕಟ್ಟಿದ ಬೊಂಬಿನ ಪರಂಚಿ ಮ್ಯಾಲಿಂದ ಬಿದ್ದೆ. ತೊಡಿ ಮುರೀತು. ಪ್ಲಾಸ್ಟರ್ ಹಾಕಿದ್ರು, ಒಳಗ ಕೆಡ್ತು. ಒಳಗ ಕಬ್ಬಿಣದ ಸಳಿ ಹಾಕ್ಬೇಕು, ಇಲ್ಲಂದ್ರ ಕಾಲ ತೆಗೀಬೇಕು, ಎರಡ ದಿನದಾಗ ಹೇಳ್ರಿ ಅಂದ್ರು ಡಾಕ್ಟರು. ಮರುದಿನ ಅವ್ವಣ್ಣ ರಿಕ್ಷಾ ತಗೊಂಡು ಬಂದ. ನನ್ನ ಪ್ಲಾಸ್ಟರಿನ ಕಾಲು ಸೀಟಿನ ಮ್ಯಾಲ ಅಡ್ಡ ಚಾಚಿಸಿ ನೋಂದಣಿ ಆಫೀಸಿಗೆ ಕರಕೊಂಡು ಹೋದ. "ಯಾತರ ಕಾಗದೋ?" ಅಂದೆ. "ನಿನ್ನ ಕಾಲಿಂದು" ಅಂದ. ನನ್ನ ಕಾಲಿನ ಕಾಗದಕ್ಕ ನಾನೇ ಸಾಕ್ಷಿ ಹಾಕಿದೆ. ಆ ರೊಕ್ಕದಾಗ ಸಳಿ ಬಿತ್ತು, ಕಾಲು ಉಳೀತು.

ಮೂರ ವರ್ಷದಾಗ ತೀರಸ್ತೀನಿ ಅಂದಿದ್ದೆ. ಕುಂಟ ಗೌಂಡಿಗೆ ಪರಂಚಿ ಯಾರ ಹತ್ತಿಸ್ತಾರ? ಎರಡ ವರ್ಷ ನೋಡಿದೆ, ಆಮ್ಯಾಲ ಮಾರಿ ತೋರಸ್ಲಿಕ್ಕಾಗ್ದೇ ಊರಿಗೆ ಬಂದೆ. ನಿಮ್ಮವ್ವಗ ಎಲ್ಲಾ ಗೊತ್ತದ. ನನ್ನ ಮಕ್ಕಳ ತಲಿ ಮ್ಯಾಲ ಆ ಭಾರ ಬೀಳಬಾರ್ದಂತ ಅವ್ವಣ್ಣ ಆಕಿ ಕಡೆ ಆಣಿ ಹಾಕ್ಸಿದ್ದ.

ಒಂದ ತಿಳೀವಲ್ದು. ಕೋರ್ಟಿನಾಗ ನೀವು ಯಾಕ ಇಷ್ಟ ಒದ್ದಾಡ್ಲಿಕತ್ತೀರಿ? ಒತ್ತಿ ಅಂತ ನಿಮ್ಮಪ್ಪ ಸಹಿ ಮ್ಯಾಲ ಬರದಾನಲ್ಲ, ಮೂರ ಸಾಲು. ಅದರ ಕೆಳಗ ಶೇಟ ಸಹಿ ಹಾಕ್ಯಾನಲ್ಲ. ಯಾರೂ ಓದಿಲ್ಲೇನು?

ಫಕೀರಪ್ಪ


ಕೊಂಢವಾ
14 ನವೆಂಬರ್ 2023, ದೀಪಾವಳಿ ಪಾಡ್ಯ

ಕಾಕಾ,

ನಿಮ್ಮ ಪತ್ರ ನಿನ್ನೆ ಬಂತು. ಮೊದಲು ಕ್ಷಮೆ ಕೇಳುತ್ತೇನೆ. ಉಳಿದದ್ದು ಆಮೇಲೆ.

ಯಾರೂ ಓದಿಲ್ಲ. ನಮ್ಮ ಹತ್ತಿರ ಇರುವುದು ಸರಕಾರಿ ಕಚೇರಿಯಿಂದ ತೆಗೆಸಿದ ನಕಲು. ಹಳೆಯ ಫಿಲ್ಮಿನಿಂದ ಇಳಿಸಿದ್ದು, ಕೊನೆಯ ಪುಟದ ಅಡಿಯಲ್ಲಿ ಬರೀ ಕಪ್ಪು. ಆ ಕಪ್ಪನ್ನು ಮರಾಠಿ ಬಲ್ಲವರೆಲ್ಲ ಸಹಿ ಎಂದುಕೊಂಡರು. ಕನ್ನಡದಲ್ಲಿ ಎಂ.ಎ. ಮಾಡಿದ ನಾನೂ ಹಾಗೇ ಅಂದುಕೊಂಡೆ. ದಿನಾ ಮಕ್ಕಳಿಗೆ ಸಾಲು ಬಿಡದೆ ಓದಿ ಎಂದು ಹೇಳುವವಳು. ನಿನ್ನೆ ಭೂತಗನ್ನಡಿ ಹಿಡಿದು ನೋಡಿದೆ. ಕಪ್ಪಿನ ನಡುವೆ ಒಂದು ಒತ್ತಕ್ಷರದ ಬಾಲ ಕಂಡಿತು. ಅಪ್ಪನ ಕೈ. ಅವನು ಒತ್ತಕ್ಷರಗಳನ್ನು ಉದ್ದಕ್ಕೆ ಎಳೆಯುತ್ತಿದ್ದ.

ನಿಮ್ಮ ಪತ್ರವನ್ನು ಅವ್ವನಿಗೆ ಪೂರ್ತಿ ಓದಿದೆ. ಅವಳು, "ಅವನ ಬಾಯಿಂದ ಬಂತು, ನನ್ನ ಆಣಿ ತೀರ್ತು" ಎಂದು ಎದ್ದು ಹೋಗಿ ಕಾಲು ಚಾಚಿ ಮಲಗಿದಳು. ಮಧ್ಯಾಹ್ನದ ಹೊತ್ತು ಅವಳು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಹತ್ತೊಂಬತ್ತು ವರ್ಷ ನಾನು ಅಪ್ಪನ ಫೋಟೊಗೆ ಹೂವು ಏರಿಸಿದ್ದು ಅವ್ವನ ಸಲುವಾಗಿ. ಇವತ್ತು ನನ್ನ ಸಲುವಾಗಿ ಏರಿಸಿದೆ.

ಮೂಲ ಪತ್ರ ನಿತಿನನ ಬಳಿ ಇದೆ. ಅದನ್ನು ಕೋರ್ಟಿಗೆ ತರಿಸಲು ಹರ್ಷದಾ ಅರ್ಜಿ ಹಾಕುತ್ತಿದ್ದಾರೆ. ಯಾಕೆಂದು ಅರ್ಜಿಯಲ್ಲಿ ಹೇಳುವುದಿಲ್ಲವಂತೆ.

ರಂಜನಾ


ಕೊಂಢವಾ
18 ಜನವರಿ 2024

ಕಾಕಾ,

ಮೂಲ ಪತ್ರ ಬಂತು. ನಿತಿನ ತಾನೇ ಖುಷಿಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಕೊಂಡು ತಂದ. ಅವನ ಹಕ್ಕೆಲ್ಲ ಅದರಲ್ಲೇ ಇದೆಯೆಂಬ ನಂಬಿಕೆ. ಮೂರು ಸಾಲು ಇವೆ. ನಾನು ಓದಿದೆ. 

ಅವನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಸೇರಿಸಿದ ಸಾಲುಗಳು, ಶೇಟರಿಗೆ ಗೊತ್ತೇ ಇರಲಿಲ್ಲ ಎಂದು ನಿತಿನನ ವಕೀಲರು ಈಗ ಹೊಸ ವಾದ ಎತ್ತಿದ್ದಾರೆ. ಹಾಗಾಗಿ ನೀವು ಕಾಗದ ನೋಡದೆ ನೆನಪಿನಿಂದಲೇ ಹೇಳಬೇಕು. ನಾವು ಹೇಳಿಕೊಟ್ಟೆವು ಎಂದಾಗಬಾರದು. ಇನ್ನು ಮುಂದೆ ಆ ಸಾಲುಗಳ ಬಗ್ಗೆ ನಮ್ಮಿಬ್ಬರ ಪತ್ರದಲ್ಲಿ ಒಂದು ಅಕ್ಷರವೂ ಬೇಡ.

ನಿಮ್ಮ ಸಾಕ್ಷಿ ಮಾರ್ಚ್ 11, ಸೋಮವಾರ. ನೀವು ಬರದಿದ್ದರೆ ಅಪ್ಪ ಬರೆದದ್ದು ಬರೀ ಶಾಯಿ.

ರಂಜನಾ


ಶಹಾಪುರ
2 ಫೆಬ್ರುವರಿ 2024

ರಂಜನಾ ತಂಗಿ,

ಬರ್ತೀನಿ. ಆದ್ರ ಸುಲಭ ಆಗಲಿಲ್ಲ, ಅದನ್ನೂ ಹೇಳ್ತೀನಿ.

ನಿತಿನ ನಮ್ಮ ದೇವಾನಂದಗ ಫೋನ್ ಮಾಡಿದ್ದ. ಮುದುಕ ಈ ವಯಸ್ಸಿನಾಗ ಪುಣೇಕ್ಕ ಯಾಕ ಅಲೀಬೇಕು, ನಿಮ್ಮ ಹಾರ್ಡವೇರ್ ಅಂಗಡಿಗೆ ಛಲೋ ಕಂಪನಿ ಏಜೆನ್ಸಿ ಕೊಡಸ್ತೀನಿ ಅಂದನಂತ. ಅಳಿಯ ಎರಡ ದಿನ ನನ್ನ ಮಾರಿ ನೋಡಲಿಲ್ಲ. ಆವಾಗ ನಾ ಮಗಳು ಸಿಂಧೂರಗ ಕಾಲಿನ ಕತಿ ಹೇಳ್ದೆ. ಮೊದಲನೇ ಸಲ. ಆಕಿ ಗಂಡಗ ಕೇಳೋಹಂಗ ಒದರಿದಳು, ನನಗ ತುಟಿ ನೋಡಿ ತಿಳೀತು: "ಅಪ್ಪಾ, ನಿನ್ನ ಕಾಲು ಯಾರ ಮನಿ ತಿಂದು ನಿಂತದ, ಅಷ್ಟ ಹೇಳಿ ಬಾ." ದೇವಾನಂದನೇ ಟಿಕೀಟು ತಗಸ್ಯಾನ. ಜೋಡಿ ಅವನೂ ಬರ್ತಾನ.

ನನ್ನ ಚಿಂತಿ ಕಿವಿದು. ಕಲ್ಲ ಕೊಯ್ಯೋ ಮಷೀನ ತಿಂದು ಹಾಕ್ಯಾದ. ಸಾಹೇಬ್ರು ಒಂದ ಕೇಳಿ ನಾ ಒಂದ ಹೇಳಿದ್ರ ಹ್ಯಾಂಗ? ಪಾಟಿ ಮ್ಯಾಲ ಬರದು ಕೇಳ್ರಿ ಅಂತ ಮೊದಲ ಹೇಳಿ ಇಡು. ದೊಡ್ಡ ಅಕ್ಷರ. ಮರಾಠಿ ಓದ್ಲಿಕ್ಕೆ ಈಗ ಬರ್ತದ, ಸಾವಕಾಶ.

ನಿಮ್ಮವ್ವ ಕಲ್ಲವ್ವಗ ಹೇಳು, ನಾ ಆಕಿ ಎದುರು ನಿಲ್ಲಂಗಿಲ್ಲ. ಕೋರ್ಟಿಂದ ಹಂಗೇ ಗಾಡಿ ಹತ್ತತೀನಿ.

ಫಕೀರಪ್ಪ


ಕೊಂಢವಾ
16 ಮಾರ್ಚ್ 2024

ಕಾಕಾ,

ಹೇಳಿದಂತೆ ನೀವು ಅವ್ವನ ಎದುರು ನಿಲ್ಲದೆ ಹೋದಿರಿ. ಸಾಕ್ಷಿಕಟ್ಟೆಯಿಂದ ಇಳಿದವರು ಕೋಲೂರಿಕೊಂಡು ಅಷ್ಟು ಬೇಗ ನಡೆಯಬಲ್ಲಿರೆಂದು ಯಾರೂ ಎಣಿಸಿರಲಿಲ್ಲ. ಅಂದು ಅಲ್ಲಿ ಆದದ್ದು ನಿಮಗೆ ಕೇಳಿಸಿಲ್ಲ. ಕೇಳಿಸದ್ದನ್ನು ಬರೆಯುತ್ತೇನೆ.

ನೀವು ಕಾಗದ ನೋಡದೆ ಕಣ್ಣು ಮುಚ್ಚಿ ಹೇಳಿದಿರಿ. "ರೊಕ್ಕದ ಸಲುವಾಗಿ ಮನಿ ಒತ್ತಿ ಇಟ್ಟೀನಿ, ಮಾರಿಲ್ಲ. ಮೂರು ವರ್ಷಕ್ಕಾಗಲಿ ಆಮ್ಯಾಲಾಗಲಿ ಅಷ್ಟ ರೊಕ್ಕ ಕೊಟ್ಟ ದಿನ ಮನಿ ನಂದು. ಶೇಟಗ ಓದಿ ಹೇಳೇವಿ, ಒಪ್ಪ್ಯಾನ." ನೀವು ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಕಿವಿ ಕೇಳದವರ ದನಿ ಅದು. ಪಕ್ಕದ ಕೋರ್ಟಿನ ಜವಾನ ಇಣುಕಿ ನೋಡಿದ. ಕನ್ನಡ ಓದಲು ಕೋರ್ಟು ನೇಮಿಸಿದ ನಿವೃತ್ತ ಮಾಸ್ತರರು ಮೂಲ ಪತ್ರದ ಮೇಲೆ ಬೆರಳಿಟ್ಟು ನಿಮ್ಮ ಜೊತೆಗೇ ಸಾಲು ಸಾಲಾಗಿ ಬರುತ್ತಿದ್ದರು. ಕೊನೆಗೆ ತಲೆಯೆತ್ತಿ ನ್ಯಾಯಾಧೀಶರಿಗೆ ಮರಾಠಿಯಲ್ಲಿ ಹೇಳಿದರು: "ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ."

ಆಮೇಲೆ ನಿತಿನನ ವಕೀಲರು ಪಾಟಿಯ ಮೇಲೆ ಬರೆದ ಪ್ರಶ್ನೆ, "ಅವ್ವಣ್ಣನ ಋಣದಲ್ಲಿದ್ದೀರಿ, ಆದ್ದರಿಂದ ಸುಳ್ಳು ಹೇಳುತ್ತಿದ್ದೀರಿ, ಹೌದೋ ಅಲ್ಲವೋ?" ನೀವು ಮುರುಕು ಮರಾಠಿಯಲ್ಲಿ ಕೊಟ್ಟ ಉತ್ತರ ನಿಮಗೆ ನೆನಪಿದೆ: ಋಣ ಹೌದು, ಸುಳ್ಳು ಇಪ್ಪತ್ತೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು, ಇವತ್ತು ಬಾಯಿ ತೆರೆದದ್ದು ಖರೆ. ಶೇಟರು ಯಾಕೆ ಸಹಿ ಹಾಕಿದರೆಂದು ಕೇಳಿದಾಗ ಹೇಳಿದಿರಿ, ಅವರ ಬಂಗಲೆಯ ಸ್ಲ್ಯಾಬು ಹಾಕಬೇಕಿತ್ತು, ಆ ಸಹಿ ಇಲ್ಲದೆ ಅವ್ವಣ್ಣ ಕರಣಿ ಮುಟ್ಟಲಿಲ್ಲ ಎಂದು. ನಿಮಗೆ ಕೇಳಿಸದ್ದು ಇದು. ಆಗ ಇಡೀ ಕೋರ್ಟು ನಕ್ಕಿತು. ನ್ಯಾಯಾಧೀಶರೂ ನಕ್ಕರು. ನಿತಿನ ತನ್ನ ತಂದೆಯ ಸಹಿಯನ್ನು ಬಾಗಿ ನೋಡಿದ. ಅದು ತಂದೆಯದಲ್ಲ ಎಂದು ಹೇಳಲು ಅವನಿಂದ ಆಗಲಿಲ್ಲ.

ಹಿಂದಿನ ಬೆಂಚಿನಲ್ಲಿ ಅವ್ವ ಕೂತಿದ್ದಳು. ನೀವು ಆ ಸಾಲು ಹೇಳಿ ಮುಗಿಸಿದಾಗ ಅವಳು ನನ್ನ ಮೊಣಕೈ ಹಿಡಿದು, "ನಿಮ್ಮಪ್ಪನ ಮಾತಿನ ಧಾಟಿ ಹಂಗ ಅದ ನೋಡು" ಎಂದಳು. ಅಷ್ಟೇ. ಆಮೇಲೆ ನಿಮ್ಮನ್ನು ಹುಡುಕುತ್ತ ಬಸ್ ಸ್ಟಾಂಡಿನ ತನಕ ರಿಕ್ಷಾದಲ್ಲಿ ಬಂದಳು. ನಿಮ್ಮ ಗಾಡಿ ಹೊರಟಿತ್ತು. ಅವಳು ಬಯ್ದದ್ದನ್ನು ಬರೆಯುವುದಿಲ್ಲ.

ರಂಜನಾ


ಶಹಾಪುರ
20 ಆಗಸ್ಟ್ 2024

ತಂಗಿ,

ಐದ ತಿಂಗಳಾತು. ಕಾಗದ ಇಲ್ಲ. ಸೋತೀರಿ, ಮುದುಕಗ ಕೆಟ್ಟ ಸುದ್ದಿ ಬ್ಯಾಡಂತ ಮುಚ್ಚಿಟ್ಟೀರಿ, ಹೌದಲ್ಲ? ದೇವಾನಂದ ಏನೂ ಹೇಳ್ವಲ್ಲ. ಮುಚ್ಚಿಡೋದ್ರಾಗ ನಾ ಗುರು. ನನ್ನ ಮುಂದ ಬ್ಯಾಡ. ಎರಡ ಅಕ್ಷರ ಬರಿ.

ಫಕೀರಪ್ಪ


ಕೊಂಢವಾ
5 ಅಕ್ಟೋಬರ್ 2024

ಕಾಕಾ,

ಎರಡಲ್ಲ, ಮೂರು ಅಕ್ಷರ: ಗೆದ್ದೆವು.

ಮುಚ್ಚಿಟ್ಟಿರಲಿಲ್ಲ, ತಾರೀಕಿನ ಮೇಲೆ ತಾರೀಕು ಬೀಳುತ್ತಿತ್ತು. ಮುಂಚೆಯೇ ಬರೆದರೆ ಏನಾದರೂ ಕೆಡುತ್ತದೆಂಬ ಅಂಜಿಕೆ ನನಗೆ. ನಿನ್ನೆ ತೀರ್ಪು ಬಂತು. ಷರತ್ತು ಅದೇ ಕಾಗದದ ಮೇಲಿದೆ, ಎರಡೂ ಕಡೆಯವರು ಒಪ್ಪಿದ್ದಾರೆ. ಆದ್ದರಿಂದ ಇದು ಮಾರಾಟವಲ್ಲ, ಒತ್ತೆ. ಬಿಡಿಸಿಕೊಳ್ಳಲು ಕಾನೂನು ಕೊಟ್ಟ ಮೂವತ್ತು ವರ್ಷದ ಅವಧಿಯೂ ಮುಗಿದಿಲ್ಲ. ಇಷ್ಟು ವರ್ಷ ಮನೆಯ ಬಾಡಿಗೆ ಉಂಡವರಿಗೆ ಬಡ್ಡಿ ಇಲ್ಲ. ಅಂದು ಪಡೆದಷ್ಟೇ ಹಣವನ್ನು ಆರು ತಿಂಗಳೊಳಗೆ ಕೋರ್ಟಿನಲ್ಲಿ ಕಟ್ಟಿದರೆ ಮನೆ ನಮ್ಮದು. ಹರ್ಷದಾ ತೀರ್ಪಿನ ಆ ಪುಟವನ್ನು ನನಗೆ ಎರಡು ಸಲ ಓದಿಸಿದರು. ಅಪ್ಪನ ಮೂರು ಸಾಲು ಅದರಲ್ಲಿ ಕನ್ನಡ ಲಿಪಿಯಲ್ಲೇ ಇವೆ, ಕೆಳಗೆ ಮರಾಠಿ. ನಾಲ್ಕನೆಯ ಇಯತ್ತೆ ಓದಿದ ಮನುಷ್ಯನ ಬರವಣಿಗೆ. ನಾನು ಓದಿದ ಕವಿತೆಗಳಲ್ಲಿ ಇಷ್ಟು ಗಟ್ಟಿಯಾಗಿ ನಿಂತ ಸಾಲುಗಳು ಕಡಿಮೆ.

ಆ ಹಣವೆಲ್ಲ ನೀವೇ ಕಟ್ಟುತ್ತೀರೆಂದು ದೇವಾನಂದ ಅವರು ಫೋನು ಮಾಡಿದ್ದರು. ಅವ್ವ ಒಪ್ಪಲಿಲ್ಲ. "ಕಾಲು ಫಕೀರಪ್ಪಂದು, ಮಾತು ನನ್ನ ಗಂಡಂದು. ಅರ್ಧಾ ಅರ್ಧಾ" ಎಂದಳು. ಕಡಿಮೆ ಮಾಡಲು ನೋಡಬೇಡಿ, ಹೆಚ್ಚು ಮಾಡಲೂ ನೋಡಬೇಡಿ. ಅವಳ ಲೆಕ್ಕ ಮುಗಿದಿದೆ.

ರಂಜನಾ


ಕೊಂಢವಾ
24 ಮಾರ್ಚ್ 2025

ಕಾಕಾ,

ನಿತಿನ ಅಪೀಲಿಗೆ ಹೋಗಲಿಲ್ಲ. ಬಿಲ್ಡರ್ ಇವನ ಕೈಬಿಟ್ಟು ಪಕ್ಕದ ಗಲ್ಲಿ ಹಿಡಿದ. ಆದರೂ, ನೀವೂ ನಾವೂ ಹಣ ಕಟ್ಟಿದ ಮೇಲೂ, ಬೀಗ ತೆಗೆಯಲು ಮನಸ್ಸಾಗದೆ ಜಗ್ಗಿದ, ಕೊನೆಗೆ ಕೋರ್ಟಿನ ಬೇಲಿಫ್ ಬರಬೇಕಾಯಿತು. ಮೊನ್ನೆ ಶುಕ್ರವಾರ ಹನ್ನೊಂದು ಗಂಟೆಗೆ ಬಾಗಿಲು ತೆರೆಯಿತು. ಗಲ್ಲಿಯವರೆಲ್ಲ ನಿಂತಿದ್ದರು, ಎದುರಿನ ಸಾವಿತ್ರಿಬಾಯಿ ಸಕ್ಕರೆ ಹಂಚಿದರು.

ಅವ್ವ ಒಳಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತಳು. ಇಪ್ಪತ್ತಾರು ವರ್ಷ ದೂರದಿಂದ ನೋಡಿದ ಕಟ್ಟೆ. ಅಂಗೈಯಿಂದ ಧೂಳು ಒರೆಸಿ, ಬಾಗಿಲೊಳಗೆ ಇಣುಕಿ, "ಫಕೀರಪ್ಪ ಹಾಕಿದ ಶಹಾಬಾದಿ ಪರಸಿ ಕಲ್ಲು ಒಂದೂ ಅಲುಗಿಲ್ಲ. ಸ್ಲ್ಯಾಬು ಮಾತ್ರ ಸೋರೇದ. ಅದು ನಿಮ್ಮಪ್ಪಂದು" ಎಂದಳು. ಬೇಲಿಫನೂ ಅರ್ಥವಾದಂತೆ ನಕ್ಕ.

ಅವನು ಮರಾಠಿಯ ತಾಬಾ ಪಾವತಿಯನ್ನು ಮುಂದೆ ಹಿಡಿದ, ಮನೆ ನಮ್ಮ ಕೈ ಸೇರಿತೆಂಬ ರಸೀತಿ. ಪೂರ್ತಿ ಓದಿದೆ. ಎಲ್ಲ ಸರಿ ಇತ್ತು. ಪೆನ್ನು ತೆಗೆದು ಸಹಿ ಹಾಕಬೇಕಾದ ಜಾಗದ ಮೇಲೆ ಕನ್ನಡದಲ್ಲಿ ಬರೆದೆ: "ಮನೆ ಮುಟ್ಟಿತು. ನನ್ನ ಅಪ್ಪ ಇದನ್ನು ಮಾರಿರಲಿಲ್ಲ." ಒತ್ತಕ್ಷರದ ಬಾಲ ಉದ್ದಕ್ಕೆ ಹೋಯಿತು. ಬೇಲಿಫ್ ಕನ್ನಡಕ ಏರಿಸಿ, "ಹೇ ಕಾಯ್, ಮ್ಯಾಡಂ?" ಎಂದು ಆ ಸಾಲು ತೋರಿಸಿದ. ಸಹಿ, ಎಂದೆ. ನಮ್ಮವರ ಸಹಿ ಉದ್ದ ಇರುತ್ತದೆ.

ಅವ್ವ ಇನ್ನೂ ಹೊಸ್ತಿಲು ದಾಟಿಲ್ಲ, ಬಾಗಿಲಿಗೆ ಮತ್ತೆ ಬೀಗ ಹಾಕಿಸಿದ್ದಾಳೆ. ಯುಗಾದಿ ಬರುವ ಭಾನುವಾರ. ಕಟ್ಟಿದವನು ಕರಣಿ ಹಿಡಿದು ಬಂದು ಬಾಗಿಲು ತೆರೆದು ಮೊದಲು ಒಳಗೆ ಹೋಗಬೇಕು, ಹಿಂದೆ ತಾನು, ಎಂದು ಕೂತಿದ್ದಾಳೆ. ಸ್ಲ್ಯಾಬಿನ ಸೋರಿಕೆಯನ್ನೂ ನಿಮ್ಮ ಹೆಸರಿಗೇ ಬರೆದಿದ್ದಾಳೆ. ಈ ಸಲ ನೀವು ಅವಳ ಎದುರು ನಿಲ್ಲದೆ ಓಡುವಂತಿಲ್ಲ. ಯಾಕೆಂದರೆ ಇರುವುದು ಒಂದೇ ಕೀಲಿಕೈ, ಅದು ಈ ಲಕೋಟೆಯಲ್ಲಿದೆ.

ರಂಜನಾ


ರಿಜಿಸ್ಟರ್ ಅಂಚೆಯ ಸ್ವೀಕೃತಿ ಕಾರ್ಡು
ಶಹಾಪುರ, 27 ಮಾರ್ಚ್ 2025

ಒಂದು ಪಾಕೀಟು ಮುಟ್ಯಾದ. ಇನ್ನೂ ಒಡದಿಲ್ಲ.
ಕೈಯಾಗ ಹಿಡದು ನೋಡೀನಿ. ಒಳಗ ಏನದ ಗೊತ್ತದ.
ಶನಿವಾರದ ಗಾಡಿಗೆ ಹೊಂಟೀನಿ.

ಸಹಿ: ಫಕೀರಪ್ಪ